ಗಾಂಧೀಜಿಯವರ ನಿದ್ದೆ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಅರಳಿ, ಆಲದ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುವ ಕಾಲ ಬಂದಿತೆಂದರೆ, ಆ ಮರಗಳ ಮೇಲೆ ಪೂರ್ತಿ ನಿದ್ದೆಯೆಂಬುದು ಯಾರಿಗೂ ಇಲ್ಲ. ಗಂಡೂ ಹೆಣ್ಣೂ ಸರದಿಯ ಮೇಲೆ ಗೂಡನ್ನು ಕಾಯುತ್ತವೆ. ಕೊಕ್ಕನ್ನು ಗರಿಗಳಲ್ಲಿ ಹುದುಗಿಸಿ ಒಂದಿಷ್ಟು ಜೊಂಪು ಹತ್ತುವಷ್ಟರಲ್ಲಿ ಮತ್ತೆ ಎಚ್ಚರ. ಆ ಸೀಮೆಯ ಮನುಷ್ಯರ ನಿದ್ದೆಯೂ ಇದಕ್ಕಿಂತ ಬಹಳ ಭಿನ್ನವಾದುದೇನಲ್ಲ. ಹಸುಗೂಸಿನ ತಾಯಿ, ಇರುಳ ಸರದಿಯಲ್ಲಿ ಗದ್ದೆಗೆ ನೀರು ಕಟ್ಟುವ ರೈತ, ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ಒಡ್ಡುತ್ತ ಕುಳಿತವನು, ಕೊಯ್ಲಿನ ದಿನಗಳಲ್ಲಿ ಕಣದ ಪಕ್ಕ ಕಂಬಳಿ ಹಾಸಿ ಒರಗಿದವನು, ಇವರೆಲ್ಲರೂ ನಿದ್ದೆಯನ್ನು ಬಂದಷ್ಟು ಬಂದಾಗ ಪಡೆದುಕೊಳ್ಳುವವರು. ಅದಕ್ಕೆ ಕೋಳಿನಿದ್ದೆಯೆಂಬ ಹೆಸರನ್ನು ನಮ್ಮ ಜನ ಹಿಂದೆಯೇ ಇಟ್ಟಿದ್ದಾರೆ.

ಒಕ್ಕಲುತನದ ಬದುಕಿನಲ್ಲಿ ಇದು ಅನಿವಾರ್ಯದ ಮಾತು. ಆದರೆ ಇರುಳಿನ ಒಂದು ನಿದ್ದೆಯನ್ನು ಬುದ್ಧಿಪೂರ್ವಕವಾಗಿ ಹಗಲಿರುಳುಗಳ ಹಲವು ನಿದ್ದೆಗಳಾಗಿ ಹಂಚಿಕೊಂಡು ಬದುಕಲು ಯತ್ನಿಸಿದವರೂ ಲೋಕದಲ್ಲಿ ಉಂಟು. ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್ ಎಂಬ ನಿರ್ಮಾಣಶಿಲ್ಪಿ ಆರು ಗಂಟೆಗೊಮ್ಮೆ ಅರ್ಧ ಗಂಟೆಯಂತೆ ದಿನಕ್ಕೆ ಎರಡೇ ಗಂಟೆ ಮಲಗಿ ಎರಡು ವರ್ಷ ಕಳೆದನೆಂದು 1943ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಜೊತೆಯಲ್ಲಿ ವ್ಯವಹರಿಸುವವರು ಎಲ್ಲರಂತೆ ಮಲಗಬೇಕೆಂದು ಹಟ ಹಿಡಿದದ್ದರಿಂದ ಆ ಕ್ರಮವನ್ನು ಬಿಡಬೇಕಾಯಿತಂತೆ. ಇಂತಹ ವಿಚಾರ ನಮಗೇನೂ ಹೊಸದಲ್ಲ. ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಓಲೆಗರಿಯ ಕಟ್ಟಿನಿಂದ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ, ಇರುಳನ್ನು ಎಂಟು ಪಾಲು ಮಾಡಿ, ಅರಸನ ನಿದ್ದೆಗೆಂದು ನಾಲ್ಕನೆಯ ಮತ್ತು ಐದನೆಯ ಪಾಲುಗಳನ್ನು ಮಾತ್ರ ಬಿಟ್ಟುಕೊಡುತ್ತದೆ. ನಮ್ಮ ಲೆಕ್ಕದಲ್ಲಿ ಅದು ಮೂರು ಗಂಟೆ. ಆ ಶಾಸ್ತ್ರದಂತೆ ಎಷ್ಟು ಮಂದಿ ಅರಸರು ನಡೆದರೆಂಬುದು ಬೇರೆ ಮಾತು.

ಅರಸುತನವೇನೂ ಇಲ್ಲದೆ, ಯಾವ ಶಾಸ್ತ್ರದ ಹೆಸರನ್ನೂ ಹೇಳದೆ, ಇಂತಹ ಬಿಡಿನಿದ್ದೆಯ ಬಾಳನ್ನು ಹತ್ತಾರು ವರ್ಷ ನಡೆಸಿದವರು ಮೋಹನದಾಸ ಕರಮಚಂದ ಗಾಂಧಿಯವರು. ಆಹಾರದಲ್ಲಿ, ಚಿಕಿತ್ಸೆಯಲ್ಲಿ, ಬ್ರಹ್ಮಚರ್ಯದಲ್ಲಿ ಅವರು ಮಾಡಿದ ಪ್ರಯೋಗಗಳ ವಿಷಯವಾಗಿ ಗ್ರಂಥಗಳೇ ಹುಟ್ಟಿವೆ. ನಿದ್ದೆಯ ವಿಷಯದಲ್ಲಿ ಅವರು ಮಾಡಿದ ಪ್ರಯೋಗಕ್ಕೆ ಪ್ರತ್ಯೇಕ ಹೆಸರಿಲ್ಲ. ಅದನ್ನು ಒಂದು ಪ್ರಯೋಗವೆಂದು ಅವರೂ ಎಣಿಸಿದಂತೆ ತೋರುವುದಿಲ್ಲ. ಆದರೂ ಅವರ ಬಾಳಿನ ದೊಡ್ಡ ತಿರುವುಗಳಲ್ಲಿ ಅನೇಕವು ನಡುರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ, ನಿದ್ದೆಗೂ ಎಚ್ಚರಕ್ಕೂ ನಡುವಣ ಹೊಸ್ತಿಲ ಮೇಲೆ ನಡೆದಿರುವುದನ್ನು ಕಂಡಾಗ, ಆ ಬಾಳನ್ನು ನಿದ್ದೆಯ ಕಡೆಯಿಂದ ಒಮ್ಮೆ ನೋಡಬಾರದೇಕೆ ಎನ್ನಿಸುತ್ತದೆ. ಹಾಗೆ ನೋಡುವುದಕ್ಕೆ ಕನ್ನಡಿಗರಿಗೆ ಇನ್ನೊಂದು ಕಾರಣವೂ ಇದೆ. ಆ ಪ್ರಯೋಗದ ಸಾಲ ತೀರಿಸಬೇಕಾಗಿ ಬಂದಾಗ, ಎರಡು ಸಲ, ಅವರು ಬಂದು ಮಲಗಿದ್ದು ನಮ್ಮ ನಾಡಿನಲ್ಲಿ.

ಅವರು ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಕಾಠಿಯಾವಾಡದ ಪೋರಬಂದರಿನಲ್ಲಿ. ತಂದೆ ಕರಮಚಂದರು ದಿವಾನಗಿರಿ ಮಾಡಿದವರು. ಮೋಹನದಾಸನಿಗೆ ಹದಿನಾರು ವರ್ಷವಾಗಿದ್ದಾಗ ಅವರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಹುಡುಗ ಪ್ರತಿ ರಾತ್ರಿಯೂ ತಂದೆಯ ಕಾಲೊತ್ತಿ, ಅವರಿಗೆ ನಿದ್ದೆ ಹತ್ತಿದ ಮೇಲೆಯೋ ಅವರೇ ಹೋಗೆಂದ ಮೇಲೆಯೋ ತಾನು ಮಲಗುವುದು ರೂಢಿ. 1885ರ ಒಂದು ರಾತ್ರಿ, ಹತ್ತೂವರೆಯೋ ಹನ್ನೊಂದೋ ಆಗಿದ್ದಾಗ, ಚಿಕ್ಕಪ್ಪ ಬಂದು ಆ ಸೇವೆಯನ್ನು ತಾವು ವಹಿಸಿಕೊಂಡರು. ಹುಡುಗ ಮಲಗುವ ಕೋಣೆಗೆ ಹೋಗಿ, ನಿದ್ರಿಸುತ್ತಿದ್ದ ಬಸುರಿ ಹೆಂಡತಿಯನ್ನು ಎಬ್ಬಿಸಿದ. ಐದಾರು ನಿಮಿಷಗಳಲ್ಲಿ ಆಳು ಬಂದು ಬಾಗಿಲು ತಟ್ಟಿದ, ತಂದೆ ತೀರಿಕೊಂಡಿದ್ದರು. ಆ ಐದಾರು ನಿಮಿಷಗಳನ್ನು ಅವರು ಜೀವಮಾನವೆಲ್ಲ ಮರೆಯಲಿಲ್ಲ. ನಲವತ್ತು ವರ್ಷಗಳ ಮೇಲೆ ಆತ್ಮಕಥೆ ಬರೆಯುವಾಗಲೂ ಆ ಗಾಯ ಹಸಿಯಾಗಿಯೇ ಇತ್ತು. ಮುಂದೆ ರೋಗಿಯ ಮಗ್ಗುಲಲ್ಲಿ ಎಚ್ಚರವಾಗಿರುವುದೆಂದರೆ ಅವರಿಗೆ ಒಂದು ವ್ರತವೇ ಆದದ್ದು ಈ ಕಾರಣದಿಂದ ಇರಬಹುದೆಂದು ನಾವು ಊಹಿಸಿದರೆ ತಪ್ಪಾಗಲಾರದು.

ಇಷ್ಟು ಗಂಭೀರವಾದ ಆರಂಭದ ಪಕ್ಕದಲ್ಲಿಯೇ ನಗೆಗೆ ಎಡೆಗೊಡುವ ಒಂದು ಅಧ್ಯಾಯವೂ ಇದೆ. 1888ರಲ್ಲಿ ಲಂಡನ್ನಿಗೆ ಹೋಗಿ, 1891ರಲ್ಲಿ ಬ್ಯಾರಿಸ್ಟರಾಗಿ ಹಿಂದಿರುಗಿ, ಮುಂಬಯಿಯಲ್ಲಿ ವಕೀಲಿಗೆ ಕುಳಿತ ತರುಣ ಗಾಂಧಿಗೆ ಕಕ್ಷಿದಾರರು ಬರಲಿಲ್ಲ. ಅನುಭವ ಪಡೆಯೋಣವೆಂದು ದಿನವೂ ಹೈಕೋರ್ಟಿಗೆ ಹೋಗಿ ಕೂಡುವರು. ವಾದಗಳ ತಲೆಬುಡ ತಿಳಿಯದೆ ಕೂತಲ್ಲೇ ತೂಕಡಿಸುವರು. ಅಕ್ಕಪಕ್ಕದಲ್ಲಿ ತೂಕಡಿಸುವ ಇತರರನ್ನು ಕಂಡು ಮೊದಲಿದ್ದ ನಾಚಿಕೆ ಕಡಿಮೆಯಾಯಿತಂತೆ. ಕಡೆಗೆ, ಹೈಕೋರ್ಟಿನಲ್ಲಿ ನಿದ್ದೆ ಮಾಡುವುದು ಒಂದು ಶಿಷ್ಟಾಚಾರವೇ ಇರಬೇಕೆಂಬ ತೀರ್ಮಾನಕ್ಕೆ ಬಂದರು. ಕೂತಲ್ಲಿ ನಿದ್ರಿಸುವ ವಿದ್ಯೆಯ ಮೊದಲ ಪಾಠ ಅವರಿಗೆ ಅಲ್ಲಿ ದೊರೆಯಿತೆನ್ನೋಣ.

ದಕ್ಷಿಣ ಆಫ್ರಿಕದ ಮೊದಲ ಪಾಠ ಇದಕ್ಕೆ ತೀರ ವಿರುದ್ಧವಾದುದು. 1893ರ ಚಳಿಗಾಲದಲ್ಲಿ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಅವರನ್ನು ಮೊದಲನೆಯ ದರ್ಜೆಯ ಗಾಡಿಯಿಂದ ದೂಡಿದ ಕಥೆ ಎಲ್ಲರಿಗೂ ಗೊತ್ತು. ಬೆಟ್ಟದ ಮೇಲಿನ ಊರು, ದೀಪವಿಲ್ಲದ ಕೊಠಡಿ, ಮೇಲಂಗಿ ರೈಲಿನವರ ವಶದಲ್ಲಿದ್ದ ಸಾಮಾನಿನೊಳಗೆ. ಕೇಳಿದರೆ ಇನ್ನೊಮ್ಮೆ ಅವಮಾನವಾದೀತೆಂದು ಕೇಳದೆ, ನಡುಗುತ್ತ ಕುಳಿತು ಬೆಳಗು ಮಾಡಿದರು. ಊರಿಗೆ ಮರಳಬೇಕೋ ನಿಂತು ಹೋರಾಡಬೇಕೋ ಎಂಬ ಪ್ರಶ್ನೆ ಇತ್ಯರ್ಥವಾದದ್ದು ಆ ನಿದ್ದೆಯಿಲ್ಲದ ರಾತ್ರಿ. 1904ರಲ್ಲಿ ಜೋಹಾನ್ಸ್‌ಬರ್ಗಿನ ಭಾರತೀಯರ ಕೇರಿಗೆ ಪ್ಲೇಗು ಬಂದಾಗ, ಖಾಲಿ ಮನೆಯೊಂದರ ಬೀಗ ಒಡೆದು ಇಪ್ಪತ್ತಮೂರು ರೋಗಿಗಳನ್ನು ಅಲ್ಲಿ ಮಲಗಿಸಿ, ಕೆಲವೇ ಮಂದಿ ಸಂಗಡಿಗರೊಡನೆ ಇರುಳೆಲ್ಲ ಶುಶ್ರೂಷೆ ಮಾಡಿದರು. ಅದೇ ವರ್ಷ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ಇಪ್ಪತ್ತನಾಲ್ಕು ಗಂಟೆಯ ರೈಲು ಪ್ರಯಾಣದಲ್ಲಿ ಗೆಳೆಯ ಪೋಲಾಕ್ ಕೊಟ್ಟ ರಸ್ಕಿನ್ನನ ಪುಸ್ತಕವನ್ನು ತೆರೆದವರು ಅದನ್ನು ಕೆಳಗಿಡಲಾರದೆ, ಆ ರಾತ್ರಿಯೂ ಕಣ್ಣು ಮುಚ್ಚಲಿಲ್ಲ. ಅದರ ಫಲವಾಗಿ ಫೀನಿಕ್ಸ್ ಆಶ್ರಮ ಹುಟ್ಟಿತು.

ದುಡಿಮೆಯ ಮಧ್ಯೆ ದೇಹದ ಒಂದೊಂದು ಅಂಗಕ್ಕೆ ಸರದಿಯ ಮೇಲೆ ಬಿಡುವು ಕೊಡುವ ಅವರ ಪದ್ಧತಿಗೆ ಸೊಗಸಾದ ಉದಾಹರಣೆ 1909ರದು. ಲಂಡನ್ನಿನಿಂದ ಮರಳುವ ಹಡಗಿನಲ್ಲಿ ನವೆಂಬರ್ 13ರಿಂದ 22ರವರೆಗೆ ಹತ್ತು ದಿನಗಳಲ್ಲಿ ಹಿಂದ್ ಸ್ವರಾಜ್ ಗ್ರಂಥವನ್ನು ಬರೆದು ಮುಗಿಸಿದರು. ಬಲಗೈ ಸೋತಾಗ ಲೇಖನಿ ಎಡಗೈಗೆ ಹೋಯಿತು. ಹಸ್ತಪ್ರತಿಯಲ್ಲಿ ಸುಮಾರು ನಲವತ್ತು ಪುಟ ಎಡಗೈ ಬರವಣಿಗೆ. ಕೆಲಸ ನಿಲ್ಲಲಿಲ್ಲ, ಕೈಗೂ ವಿರಾಮ ದೊರೆಯಿತು. ನಿದ್ದೆಯ ವಿಷಯದಲ್ಲಿ ಅವರು ಮಾಡಿಕೊಂಡ ಒಪ್ಪಂದವೂ ಬಹುಮಟ್ಟಿಗೆ ಇದೇ.

1915ರಲ್ಲಿ ಭಾರತಕ್ಕೆ ಮರಳಿದ ಮೇಲೆ ಆ ಒಪ್ಪಂದ ಒಂದು ನಿಶ್ಚಿತ ರೂಪಕ್ಕೆ ಬಂತು. ನಸುಕಿನ ನಾಲ್ಕಕ್ಕೆ ಏಳುವುದು, ಪ್ರಾರ್ಥನೆ, ಅದಾದ ಮೇಲೆ ಬೇಕೆನಿಸಿದರೆ ಮತ್ತೊಂದು ಸಣ್ಣ ನಿದ್ದೆ, ಮಧ್ಯಾಹ್ನ ಊಟವಾದ ಮೇಲೆ ಹಣೆಗೂ ಹೊಟ್ಟೆಗೂ ಮಣ್ಣಿನ ಪಟ್ಟಿ ಹಾಕಿಕೊಂಡು ಇನ್ನೊಂದು, ರಾತ್ರಿ ಒಂಬತ್ತು ಹತ್ತರ ಸುಮಾರಿಗೆ ತೆರೆದ ಆಕಾಶದ ಕೆಳಗೆ ಹಾಸಿಗೆ. ನಡುರಾತ್ರಿ ಎರಡಕ್ಕೋ ಮೂರಕ್ಕೋ ಎಚ್ಚರವಾದರೆ ಹೊರಳಾಡದೆ ಎದ್ದು ಕುಳಿತು ಕಾಗದ ಬರೆಯುವರು. ಇದೆಲ್ಲಕ್ಕೂ ಆಧಾರವಾಗಿದ್ದುದು ಒಂದು ವಿಚಿತ್ರ ಶಕ್ತಿ: ಕರೆದಾಗ ನಿದ್ದೆ ಅವರ ಬಳಿಗೆ ಬರುತ್ತಿತ್ತು. ಓಡುವ ಮೋಟಾರಿನಲ್ಲಿ, ಮೂರನೆಯ ದರ್ಜೆಯ ಹಲಗೆಯ ಮೇಲೆ, ಎರಡು ಸಭೆಗಳ ನಡುವಣ ಕಾಲು ಗಂಟೆಯಲ್ಲಿ, ಅವರು ಕಣ್ಣು ಮುಚ್ಚಿದರೆ ನಿದ್ದೆ. ಗೊತ್ತಾದ ಹೊತ್ತಿಗೆ ತಾವಾಗಿಯೇ ಎಚ್ಚರ. ಅವರೊಡನೆ ಇದ್ದವರೆಲ್ಲ ಬೆರಗಿನಿಂದ ಬರೆದಿಟ್ಟ ಸಂಗತಿ ಇದು.

ಆದರೆ ಇತರರಿಗಾಗಿ ಅವರು ಹಾಕಿದ ಕಟ್ಟಳೆ ಬೇರೆಯಾಗಿತ್ತೆಂಬುದನ್ನು ಗಮನಿಸಬೇಕು. ಸಾಬರಮತಿ ಆಶ್ರಮದ ದಿನಚರಿಯಲ್ಲಿ ರಾತ್ರಿ ಒಂಬತ್ತಕ್ಕೆ ಮಲಗುವ ಗಂಟೆ, ಬೆಳಗಿನ ನಾಲ್ಕಕ್ಕೆ ಏಳುವ ಗಂಟೆ. ಲೆಕ್ಕ ಹಾಕಿದರೆ ಏಳು ಗಂಟೆಯ ಅಖಂಡ ನಿದ್ದೆ. ವಯಸ್ಕರಿಗೆ ಇದಕ್ಕಿಂತ ಕಡಿಮೆ ಸಾಲದೆಂದು ಇಂದಿನ ವೈದ್ಯರು ಹೇಳುವುದೂ ಇದನ್ನೇ. ಆಶ್ರಮಕ್ಕೆ ಒಂದು ಅಳತೆ, ತಮಗೆ ಇನ್ನೊಂದು! ಉಪ್ಪಿನಲ್ಲಿ, ಬೇಳೆಯಲ್ಲಿ, ಬಟ್ಟೆಯಲ್ಲಿ ತಮಗೂ ಇತರರಿಗೂ ಒಂದೇ ನಿಯಮ ಬೇಕೆಂದವರು ಇಲ್ಲಿ ಮಾತ್ರ ತಮ್ಮನ್ನು ಹೊರಗಿಟ್ಟುಕೊಂಡರು.

ಹೀಗೆ ಒಡೆದ ನಿದ್ದೆ ಅವರಿಗೆ ಕೊಟ್ಟದ್ದೂ ಉಂಟು. 1919ರ ಮಾರ್ಚಿಯಲ್ಲಿ ಅವರು ಮದರಾಸಿನಲ್ಲಿ ರಾಜಾಜಿಯವರ ಮನೆಯಲ್ಲಿ ತಂಗಿದ್ದರು. ರೌಲಟ್ ಮಸೂದೆ ಶಾಸನವಾದ ಸುದ್ದಿ ಬಂದಿತ್ತು; ಏನು ಮಾಡುವುದೆಂದು ತೋಚದೆ ಆ ರಾತ್ರಿ ಮಲಗಿದರು. ಎಂದಿಗಿಂತ ಮುಂಚೆ ಎಚ್ಚರವಾಯಿತು. ಕನಸೂ ಅಲ್ಲದ ಜಾಗ್ರತಿಯೂ ಅಲ್ಲದ ಆ ಹೊತ್ತಿನಲ್ಲಿ, ದೇಶವೆಲ್ಲ ಒಂದು ದಿನ ಕೆಲಸ ನಿಲ್ಲಿಸಿ ಉಪವಾಸ ಮಾಡಿ ಪ್ರಾರ್ಥಿಸಬೇಕೆಂಬ ಯೋಚನೆ ಹೊಳೆಯಿತು. ಬೆಳಗಾಗುತ್ತಲೇ ರಾಜಾಜಿಯವರಿಗೆ ತಿಳಿಸಿದರು. ಏಪ್ರಿಲ್ 6ರಂದು ಭಾರತದ ಮೂಲೆಮೂಲೆಗಳಲ್ಲಿ ಅಂಗಡಿಬಾಗಿಲು ಮುಚ್ಚಿದವು. ರಾತ್ರಿಯೆಲ್ಲ ಒಂದೇ ಪಟ್ಟಿನಲ್ಲಿ ಮಲಗಿ ಸೂರ್ಯ ಮೂಡಿದ ಮೇಲೆ ಏಳುವವರಿಗೆ ಆ ಹೊಸ್ತಿಲಿನ ಪರಿಚಯ ಅಷ್ಟಾಗಿ ಇರುವುದಿಲ್ಲ.

ಆದರೆ ಮಹಾತ್ಮನೆಂಬ ಹೆಸರು ಬಂದ ಮೇಲೆ ನಿದ್ದೆ ಅವರ ಕೈಯಲ್ಲಿ ಉಳಿಯಲಿಲ್ಲ. 1921ರ ಫೆಬ್ರವರಿ 8ರಂದು ಗೋರಖಪುರದ ಮಹಾಸಭೆ ಮುಗಿಸಿ ರಾತ್ರಿಯ ರೈಲಿನಲ್ಲಿ ಕಾಶಿಯ ಕಡೆಗೆ ಹೊರಟಾಗ ದಾರಿಯ ನಿಲ್ದಾಣಗಳಲ್ಲೆಲ್ಲ ದರ್ಶನಕ್ಕಾಗಿ ಜನ ನಿಂತಿದ್ದರು. ಮಾಘದ ಚಳಿ, ಸರಿರಾತ್ರಿ. ಗಾಡಿ ನಿಂತಲ್ಲೆಲ್ಲ ಜಯಘೋಷ, ಕಿಟಕಿಗೆ ದೀಪ. ಮಲಗಿದ್ದಾರೆ, ಬಿಡಿ ಎಂದು ಸಂಗಡಿಗರು ಬೇಡಿಕೊಂಡರೆ ಕೇಳುವವರಿಲ್ಲ. ಕಡೆಗೆ ಒಂದು ನಿಲ್ದಾಣದಲ್ಲಿ ಗಾಂಧೀಜಿಯ ಸಹನೆ ಮುರಿಯಿತು. ಎದ್ದು ಬಂದು ಜನರ ಎದುರಿಗೆ ತಮ್ಮ ಹಣೆಯನ್ನು ತಾವೇ ಬಡಿದುಕೊಂಡರು. ಒಮ್ಮೆಯಲ್ಲ, ಮೂರು ಸಲ. ಜನ ಹೆದರಿ ಸುಮ್ಮನಾದರು. ಆಂಗ್ಲ ಸರ್ಕಾರದ ಲಾಠಿಗೂ ಸೆರೆಮನೆಗೂ ಕೆರಳದ ಮನುಷ್ಯ, ಒಂದು ಗಂಟೆಯ ನಿದ್ದೆಗಾಗಿ, ತನ್ನನ್ನು ಪೂಜಿಸುವ ಹಳ್ಳಿಗರ ಮುಂದೆ ಹೀಗೆ ನಿಂತರೆಂಬುದನ್ನು ನೆನೆದರೆ ಮನಸ್ಸು ಕಲಕುತ್ತದೆ. ಇದನ್ನು ಬರೆದಿಟ್ಟವರು, ಜೊತೆಯಲ್ಲಿಯೇ ಇದ್ದ ಕಾರ್ಯದರ್ಶಿ ಮಹಾದೇವ ದೇಸಾಯಿಯವರು.

ದೇಹದ ಸಹನೆ ಮುರಿದದ್ದು 1927ರಲ್ಲಿ. ಖಾದಿಗಾಗಿ ಬಿಹಾರ, ಮಹಾರಾಷ್ಟ್ರಗಳಲ್ಲಿ ಬಿಡುವಿಲ್ಲದೆ ತಿರುಗುತ್ತ, ದಿನಕ್ಕೆ ಹಲವು ಸಭೆ, ರಾತ್ರಿ ಪ್ರಯಾಣ, ನಸುಕಿನಲ್ಲಿ ಪ್ರಾರ್ಥನೆ, ನಡುವೆ ಸಿಕ್ಕಷ್ಟು ನಿದ್ದೆ ಎಂಬ ಕ್ರಮದಲ್ಲಿ ತಿಂಗಳುಗಳು ಕಳೆದಿದ್ದವು. ಮಾರ್ಚಿಯ ಕೊನೆಯಲ್ಲಿ ಕೊಲ್ಹಾಪುರದ ಕಡೆ ಪ್ರವಾಸದಲ್ಲಿದ್ದಾಗ ಅವರು ಕುಸಿದರು. ರಕ್ತದೊತ್ತಡ ಏರಿತ್ತು, ವೈದ್ಯರು ಪ್ರವಾಸವನ್ನು ರದ್ದು ಮಾಡಿಸಿ, ವಿಶ್ರಾಂತಿಯೊಂದೇ ಮದ್ದು ಎಂದರು. ಬೆಳಗಾವಿಗೆ ಹತ್ತಿರದ ಅಂಬೋಲಿಯಲ್ಲಿ ಕೆಲವು ದಿನ ಇರಿಸಿ, ಏಪ್ರಿಲಿನ ಮೂರನೆಯ ವಾರದಲ್ಲಿ ಅವರನ್ನು ಮೈಸೂರು ಸಂಸ್ಥಾನದ ನಂದಿಬೆಟ್ಟಕ್ಕೆ ಕರೆತಂದರು.

ನಂದಿಯ ಮೇಲೆ ಅವರು ಇದ್ದದ್ದು ಸುಮಾರು ನಲವತ್ತೈದು ದಿನ. ಸಮುದ್ರಮಟ್ಟದಿಂದ ಐದು ಸಾವಿರ ಅಡಿಗೆ ಸ್ವಲ್ಪ ಕಡಿಮೆ ಎತ್ತರ. ಬಯಲುಸೀಮೆ ಕೆಳಗೆ ಕಾದು ಬೇಯುತ್ತಿದ್ದರೂ ಮೇಲೆ ತಂಪು ಗಾಳಿ. ಇಂದು ಗಾಂಧಿ ನಿಲಯವೆಂದು ಕರೆಯುವ ಬಂಗಲೆಯಲ್ಲಿ ಅವರ ಬಿಡಾರ. ಸಭೆಯಿಲ್ಲ, ಮೆರವಣಿಗೆಯಿಲ್ಲ, ನಡುರಾತ್ರಿಯ ನಿಲ್ದಾಣಗಳಿಲ್ಲ. ವಾರವಾರವೂ ಪ್ರಕಟವಾಗುತ್ತಿದ್ದ ಆತ್ಮಕಥೆಯ ಕಂತುಗಳನ್ನೂ ಕಾಗದಪತ್ರಗಳನ್ನೂ ಅವರು ಪೂರ್ತಿ ಬಿಡಲಿಲ್ಲವೆಂಬುದು ನಿಜ. ಅಷ್ಟನ್ನೂ ಬಿಡಿಸಲು ಯಾವ ವೈದ್ಯನಿಂದಲೂ ಆಗುತ್ತಿರಲಿಲ್ಲ. ಆದರೂ ಇಷ್ಟು ದೀರ್ಘವಾದ ಬಿಡುವನ್ನು ಆ ವರ್ಷಗಳಲ್ಲಿ ಸೆರೆಮನೆಯ ಹೊರಗೆ ಅವರು ಪಡೆದದ್ದು ಅಪರೂಪ. ಜೂನ್ 5ರಂದು ಬೆಟ್ಟವಿಳಿದು ಬೆಂಗಳೂರಿನ ಕುಮಾರಪಾರ್ಕಿನಲ್ಲಿ ಬಿಡಾರ ಹೂಡಿದರು. ಜುಲೈಯಲ್ಲಿ ಖಾದಿ ಪ್ರದರ್ಶನದ ಪ್ರಾರಂಭ, ಮೈಸೂರಿನ ಭೇಟಿ, ಕೃಷ್ಣರಾಜಸಾಗರ. ಅನಂತರ ಸಂಸ್ಥಾನದ ಇತರ ಊರುಗಳು. ಆಗಸ್ಟಿನ ಕೊನೆಗೆ ತಮಿಳುನಾಡಿನ ಕಡೆಗೆ ಹೊರಟರು. ಹೀಗೆ ನಾಲ್ಕು ತಿಂಗಳಿಗೂ ಮಿಕ್ಕಿ ಕನ್ನಡನಾಡು ಅವರನ್ನು ಇಟ್ಟುಕೊಂಡಿತು. ನಂದಿಬೆಟ್ಟವೆಂದರೆ ನಮ್ಮವರಿಗೆ ಟೀಪುವಿನ ಬೇಸಗೆಯ ಅರಮನೆ ನೆನಪಾಗುತ್ತದೆ, ಅರ್ಕಾವತಿ ಪಿನಾಕಿನಿಗಳ ಉಗಮ ನೆನಪಾಗುತ್ತದೆ. ದಣಿದ ಮಹಾತ್ಮನು ಅಲ್ಲಿ ನಿದ್ದೆ ಮಾಡಿದನೆಂಬುದು ಬೆಟ್ಟದ ಹಿರಿಮೆಯಲ್ಲಿ ಸೇರಬೇಕಾದ ಮಾತೆಂದು ಏಕೋ ಯಾರಿಗೂ ತೋರಿಲ್ಲ.

ಪಾಠವನ್ನು ಅವರು ಕಲಿತರೇ? ಮೂರು ವರ್ಷಗಳಲ್ಲಿ ದಂಡಿಯಾತ್ರೆ ಬಂತು. 1930ರ ಮಾರ್ಚ್ 12ರಂದು ಹೊರಟು ಇನ್ನೂರನಲವತ್ತು ಮೈಲಿ ನಡೆದ ಅರುವತ್ತರ ಮುದುಕರು, ತರುಣರು ದಣಿದು ಮಲಗಿರುವಾಗ ಬೆಳಗಿನ ಜಾವಕ್ಕೆ ಮೊದಲೇ ಎದ್ದು ಬರೆಯುತ್ತ ಕುಳಿತಿರುತ್ತಿದ್ದರು. ಮೇ 4ರ ರಾತ್ರಿ ಕರಾಡಿಯ ಗುಡಿಸಲಿನಲ್ಲಿ ಮಲಗಿದ್ದವರನ್ನು ಹನ್ನೆರಡು ಮುಕ್ಕಾಲರ ಹೊತ್ತಿಗೆ ಪೊಲೀಸರು ಮುಖಕ್ಕೆ ದೀಪ ಹಿಡಿದು ಎಬ್ಬಿಸಿದರು. ಹಲ್ಲುಜ್ಜಲು ಅನುಮತಿ ಕೇಳಿ, ಪ್ರಾರ್ಥನೆ ಮುಗಿಸಿ, ಯರವಡ ಸೆರೆಮನೆಗೆ ಹೊರಟರು. ಸರ್ಕಾರ ಅವರಿಗೆ ವಿಧಿಸಿದ್ದು ಶಿಕ್ಷೆ. ಅವರ ದೇಹಕ್ಕೆ ಅದು ವಿಶ್ರಾಂತಿ.

1931ರ ಶರತ್ಕಾಲದ ಲಂಡನ್ ಅಂತೂ ಈ ಪ್ರಯೋಗದ ಪರಮಾವಧಿ. ದುಂಡುಮೇಜಿನ ಪರಿಷತ್ತಿಗೆ ಹೋದವರು ಸಿರಿವಂತರ ಬಡಾವಣೆಯನ್ನು ಬಿಟ್ಟು ಪೂರ್ವ ಲಂಡನ್ನಿನ ಬಡವರ ಕೇರಿಯಲ್ಲಿ, ಮ್ಯೂರಿಯಲ್ ಲೆಸ್ಟರ್ ನಡೆಸುತ್ತಿದ್ದ ಕಿಂಗ್ಸ್‌ಲಿ ಹಾಲಿನಲ್ಲಿ ಇಳಿದರು. ಊರ ಇನ್ನೊಂದು ಬದಿಯಿಂದ ಪ್ರತಿದಿನ ಹಿಂದಿರುಗುವುದೇ ಸರಿರಾತ್ರಿ. ಅಕ್ಟೋಬರಿನ ಒಂದು ದಿನದ ಲೆಕ್ಕ ಉಳಿದುಬಂದಿದೆ: ಒಂದು ಗಂಟೆಗೆ ಬಿಡಾರಕ್ಕೆ ಬಂದರು, ಬಾಕಿಯಿದ್ದ ನೂರರುವತ್ತು ಗಜ ನೂಲನ್ನು ಒಂದೂಮುಕ್ಕಾಲಕ್ಕೆ ಮುಗಿಸಿದರು, ದಿನಚರಿ ಬರೆದು ಎರಡಕ್ಕೆ ಮಲಗಿದರು, ಮೂರೂಮುಕ್ಕಾಲಕ್ಕೆ ಎದ್ದು ಪ್ರಾರ್ಥನೆ, ಐದರಿಂದ ಆರರವರೆಗೆ ಮತ್ತೆ ವಿಶ್ರಾಂತಿ, ಆರಕ್ಕೆ ಮಂಜಿನಲ್ಲಿ ನಡಿಗೆ, ನಡೆಯುತ್ತಲೇ ಭೇಟಿಗಾರರೊಡನೆ ಮಾತು. ಎರಡು ತುಂಡು ಕೂಡಿಸಿದರೂ ಮೂರು ಗಂಟೆ ತುಂಬುವುದಿಲ್ಲ. ಕೌಟಿಲ್ಯನ ಅರಸನಿಗಿಂತಲೂ ಕಡಿಮೆ! ಉಳಿದದ್ದನ್ನು ಮೋಟಾರಿನಲ್ಲಿಯೂ, ಪರಿಷತ್ತಿನಲ್ಲಿ ದೀರ್ಘ ಭಾಷಣಗಳು ನಡೆಯುತ್ತಿದ್ದಾಗ ಕಣ್ಣು ಮುಚ್ಚಿ ಕುಳಿತೂ ತುಂಬಿಕೊಂಡರು. ಮುಂಬಯಿ ಹೈಕೋರ್ಟಿನ ಹಳೆಯ ಅಭ್ಯಾಸ ಸಾಮ್ರಾಜ್ಯದ ರಾಜಧಾನಿಯಲ್ಲಿ ಕೆಲಸಕ್ಕೆ ಬಂತು.

ಸುಮಾರು ಒಂದೂವರೆ ವರ್ಷದ ಮೇಲೆ, 1933ರ ಏಪ್ರಿಲಿನ ಕೊನೆಯಲ್ಲಿ, ಯರವಡದಲ್ಲಿ ಮಲಗಿದ್ದಾಗ ನಡುರಾತ್ರಿ ತಟ್ಟನೆ ಎಚ್ಚರವಾಗಿ, ಉಪವಾಸ ಮಾಡೆಂದು ಒಳದನಿಯೊಂದು ಹೇಳಿತೆಂದು ಅವರು ತಿಳಿಸಿದರು. ಅದು ದೇವರ ದನಿಯೋ ಬಳಲಿದ ಮನಸ್ಸಿನ ಭ್ರಮೆಯೋ ಎಂದು ಅಂದು ಕೇಳಿದವರಿದ್ದರು, ಇಂದೂ ಕೇಳುವವರಿದ್ದಾರೆ. ಮೇ 8ರಂದು ಪ್ರಾರಂಭಿಸಿದ ಇಪ್ಪತ್ತೊಂದು ದಿನದ ಆ ಉಪವಾಸವನ್ನು ಅವರು ದಾಟಿದರು. ಅದೇ ನವೆಂಬರಿನಿಂದ ಅಸ್ಪೃಶ್ಯತೆಯ ನಿವಾರಣೆಗಾಗಿ ಒಂಬತ್ತು ತಿಂಗಳು, ಹನ್ನೆರಡೂವರೆ ಸಾವಿರ ಮೈಲಿಗಳ ಹರಿಜನ ಯಾತ್ರೆ. 1934ರ ಜನವರಿ ಮೊದಲ ವಾರದಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಬಂತು. ಮೈಸೂರಿಗೂ ಬೆಂಗಳೂರಿಗೂ ನಡುವಣ ಹೆದ್ದಾರಿ ಮಂಡ್ಯ, ಮದ್ದೂರುಗಳನ್ನು ಹಾದುಹೋಗುತ್ತದೆ. ಕೊಕ್ಕರೆ ಬೆಳ್ಳೂರು ಆ ದಾರಿಯಿಂದ ಕೆಲವೇ ಹರದಾರಿ ಒಳಗೆ. ರೈತರು ಬೆಳಗಿನ ಕೆಲಸಕ್ಕೆ ಏಳುವ ಹೊತ್ತೇ ಅವರ ಹೊತ್ತು. ಹಳ್ಳಿಗರಿಗೆ ಅವರು ತಮ್ಮವರೆಂದು ತೋರಿದ್ದಕ್ಕೆ ಪಂಚೆಯೊಂದೇ ಕಾರಣವಲ್ಲ.

ಎರಡನೆಯ ಸಲದ ಸಾಲ 1935ರ ಕೊನೆಗೆ ಕೈಗೆ ಬಂತು. ಮತ್ತೆ ರಕ್ತದೊತ್ತಡ, ಮತ್ತೆ ವೈದ್ಯರ ಕಟ್ಟಪ್ಪಣೆ. 1936ರ ಮೇ ತಿಂಗಳಲ್ಲಿ ಮತ್ತೆ ಅದೇ ನಂದಿಬೆಟ್ಟ, ಈ ಬಾರಿ ಸುಮಾರು ಇಪ್ಪತ್ತು ದಿನ. ಆಮೇಲಿನ ಅಂಕಿಗಳು ನಮಗೆ ದೊರೆತಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಲ್ಲಿ ಪ್ರಕಟಿಸಿದ ಅವರ ಆರೋಗ್ಯದ ದಾಖಲೆಗಳಂತೆ 1937ರ ಅಕ್ಟೋಬರಿನಲ್ಲಿ ಅವರ ರಕ್ತದೊತ್ತಡ 194/130, 1940ರ ಫೆಬ್ರವರಿಯಲ್ಲಿ 220/110. ಅದಕ್ಕಾಗಿ ಸರ್ಪಗಂಧದ ಔಷಧಿ ತೆಗೆದುಕೊಳ್ಳುತ್ತಿದ್ದರು. ನಿದ್ದೆಯ ಕೊರತೆಯೊಂದೇ ಇದಕ್ಕೆ ಕಾರಣವೆಂದರೆ ಅತಿಯಾದೀತು. ಹೊತ್ತ ಹೊರೆ ಸಾಮಾನ್ಯವಾದುದಾಗಿರಲಿಲ್ಲ. ಆದರೆ ಸಾಲದ ನಿದ್ದೆ ರಕ್ತದೊತ್ತಡವನ್ನು ಏರಿಸುತ್ತದೆಂಬುದು ಈಗ ಸ್ಥಾಪಿತವಾದ ಸಂಗತಿ. ನಿದ್ದೆಯನ್ನು ಕತ್ತರಿಸಿ ಹಂಚಿ, ಒಟ್ಟು ಮೊತ್ತವನ್ನೂ ಕುಗ್ಗಿಸುವ ಕ್ರಮಗಳನ್ನು ಪರಿಶೀಲಿಸಿದ ಅಮೆರಿಕದ ರಾಷ್ಟ್ರೀಯ ನಿದ್ರಾ ಪ್ರತಿಷ್ಠಾನದ ತಜ್ಞರು 2021ರಲ್ಲಿ, ಅದರಿಂದ ಲಾಭವೆಂಬುದಕ್ಕೆ ಆಧಾರವಿಲ್ಲ, ಹಾನಿಗೆ ಆಧಾರವಿದೆ ಎಂದು ತೀರ್ಪು ಕೊಟ್ಟರು. ಮಧ್ಯಾಹ್ನದ ಒಂದು ಜೊಂಪಿಗೆ ಯಾರ ಆಕ್ಷೇಪವೂ ಇಲ್ಲ. ಆಕ್ಷೇಪವಿರುವುದು ಇರುಳಿನಿಂದ ಕಿತ್ತದ್ದನ್ನು ಹಗಲಿಗೆ ತಿರುಗಿ ಕೊಡದೆ ಇಟ್ಟುಕೊಳ್ಳುವುದಕ್ಕೆ.

ಫುಲ್ಲರನ ಜೊತೆಗಾರರು ಎಲ್ಲರಂತೆ ಮಲಗುತ್ತೇವೆಂದು ಹಟ ಹಿಡಿದರು ಎಂದೆನಲ್ಲ. ಗಾಂಧೀಜಿಯವರ ಜೊತೆಗಾರರು ಹಾಗೆ ಹಟ ಹಿಡಿಯಲಿಲ್ಲ. 1917ರಲ್ಲಿ ಬಂದು ಸೇರಿದ ಮಹಾದೇವ ದೇಸಾಯಿಯವರು ಒಡೆಯರಿಗಿಂತ ಮೊದಲು ಎದ್ದು, ಅವರು ಮಲಗಿದ ಮೇಲೆ ಆ ದಿನದ ಮಾತನ್ನೆಲ್ಲ ಬರೆದಿಟ್ಟು ಮಲಗುವವರು. ಕರೆದಾಗ ಬರುವ ನಿದ್ದೆಯೆಂಬ ವರ ಗುರುವಿಗೆ ಇದ್ದಂತೆ ಶಿಷ್ಯನಿಗೆ ಇರಬೇಕೆಂಬ ನಿಯಮವಿಲ್ಲ. ಇಪ್ಪತ್ತೈದು ವರ್ಷ ಹೀಗೆ ನಡೆಸಿ, 1942ರ ಆಗಸ್ಟ್ 15ರಂದು, ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಐವತ್ತು. ಹೆಣಕ್ಕೆ ಸ್ನಾನ ಮಾಡಿಸಿದವರು, ಬೆಂಕಿ ಕೊಟ್ಟವರು ಗಾಂಧೀಜಿ. ಮಹಾತ್ಮರ ಮೇಲೆ ತಪ್ಪು ಹೊರಿಸುವುದಕ್ಕೆ ಇದನ್ನು ಹೇಳುತ್ತಿಲ್ಲ. ಆದರೆ ಅವರ ಎಚ್ಚರದ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲವೆಂಬುದನ್ನು ಹೇಳದೆ ಬಿಟ್ಟರೆ ಕಥೆ ಅರ್ಧವಾದೀತು. ಹದಿನೆಂಟು ತಿಂಗಳ ಮೇಲೆ, 1944ರ ಫೆಬ್ರವರಿ 22ರಂದು, ಅದೇ ಅರಮನೆಯಲ್ಲಿ ಕಸ್ತೂರಬಾ ಹೋದರು.

ನೋಆಖಾಲಿಯ ದಿನಗಳಲ್ಲಿ ನಿದ್ದೆ ಕರೆದರೂ ಬಾರದೆ ಹೋಯಿತು. 1946ರ ನವೆಂಬರಿನಿಂದ ಶ್ರೀರಾಂಪುರದ ಗುಡಿಸಿಲಿನಲ್ಲಿ ಹೆಚ್ಚಿನ ಪರಿವಾರವಿಲ್ಲದೆ ನೆಲಸಿ, ಹೊಸ ವರ್ಷದಲ್ಲಿ ಬರಿಗಾಲಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದ ಎಪ್ಪತ್ತೇಳರ ವೃದ್ಧರು, ನಡುರಾತ್ರಿ ಎರಡು ಗಂಟೆಗೆ ಎದ್ದು ದೀಪದ ಮುಂದೆ ಕುಳಿತಿರುತ್ತಿದ್ದರು. ಆಗಿನ ಎಚ್ಚರದಲ್ಲಿ ವ್ರತದ ಬಲವಿರಲಿಲ್ಲ. ದಾರಿ ಕಾಣದ ಸಂಕಟವಿತ್ತು.

1947ರ ಆಗಸ್ಟ್ 14ರ ನಡುರಾತ್ರಿ ದೆಹಲಿಯಲ್ಲಿ ನೆಹರೂ ಅವರು ದೇಶ ಎಚ್ಚರಗೊಂಡುದನ್ನು ಸಾರುತ್ತಿದ್ದಾಗ, ಕಲಕತ್ತೆಯ ಹೈದರಿ ಮಂಜಿಲ್ ಎಂಬ ಹಾಳು ಮನೆಯಲ್ಲಿ ಗಾಂಧೀಜಿ ನಿದ್ರಿಸುತ್ತಿದ್ದರು. ಎಂದಿಗಿಂತ ಮುಂಚೆ, ಎರಡಕ್ಕೆ ಎದ್ದು ಪ್ರಾರ್ಥಿಸಿ, ಉಪವಾಸವಿದ್ದು, ನೂತರು. ಅಂದು ಮಹಾದೇವ ದೇಸಾಯಿಯವರ ಐದನೆಯ ಪುಣ್ಯತಿಥಿ.

1948ರ ಜನವರಿ 30ರ ಶುಕ್ರವಾರ ದೆಹಲಿಯ ಬಿರ್ಲಾ ಭವನದಲ್ಲಿ ಮೂರೂವರೆಗೆ ಎದ್ದರು. ಹದಿಮೂರರಿಂದ ಹದಿನೆಂಟರವರೆಗೆ ಮಾಡಿದ ಉಪವಾಸದ ನಿತ್ರಾಣ ಇನ್ನೂ ಇತ್ತು, ಕೆಮ್ಮು ಬೇರೆ. ಪ್ರಾರ್ಥನೆಯಾದ ಮೇಲೆ ಕಾಂಗ್ರೆಸ್ಸಿನ ಹೊಸ ವಿಧಾನದ ಕರಡನ್ನು ಹಿಡಿದು ಕುಳಿತವರು ಕೆಲಸದ ನಡುವೆಯೇ ನಿದ್ದೆ ಹೋದರು. ಅರ್ಧ ಗಂಟೆಯ ಮೇಲೆ ಎದ್ದು ಅದನ್ನು ಮುಂದುವರಿಸಿದರು. ಅಭ್ಯಂಗ, ಸ್ನಾನ, ಊಟಗಳಾದ ಮೇಲೆ ಇನ್ನೊಂದು ನಿದ್ದೆ. ನಾಲ್ಕು ಗಂಟೆಗೆ ಸರದಾರ ಪಟೇಲರು ಬಂದರು. ಮಾತು ಬೆಳೆಯಿತು, ಐದು ಹೊಡೆದುಹೋಯಿತು, ನಡುವೆ ಹೋಗಿ ಹೊತ್ತಾಯಿತೆನ್ನಲು ಹುಡುಗಿಯರಿಬ್ಬರಿಗೂ ಧೈರ್ಯವಾಗಲಿಲ್ಲ. ಕಡೆಗೆ ಗಡಿಯಾರವನ್ನು ತೋರಿಸಿದಾಗ ಎದ್ದು, ಮನು ಮತ್ತು ಆಭಾರ ಹೆಗಲುಗಳ ಮೇಲೆ ಕೈಯಿಟ್ಟು, ಹೊತ್ತು ಮೀರಲು ಬಿಟ್ಟದ್ದಕ್ಕಾಗಿ ಅವರನ್ನು ಗದರಿಕೊಳ್ಳುತ್ತ ಹುಲ್ಲುಹಾಸನ್ನು ದಾಟಿದರು. ಪ್ರಾರ್ಥನೆಗೆ ಹತ್ತು ನಿಮಿಷಕ್ಕೂ ಹೆಚ್ಚು ತಡವಾಗಿತ್ತು.